ಅರಮನೆಯ ಕಂಬಳಿ ಚಪ್ಪಲಿ

ನಮ್ಮ ಮನೆಯಲ್ಲಿ ಟಿ.ವಿ. ಒರೆಸಲು ಬೂದು ಬಣ್ಣದ ಒಂದು ದಪ್ಪ ಬಟ್ಟೆ ಇದೆಯಲ್ಲ, ಅದು ಬಟ್ಟೆಯಲ್ಲ ಮಕ್ಕಳೇ, ಚಪ್ಪಲಿ. ಅದೂ ಯೂರೋಪಿನ ಒಬ್ಬ ರಾಜನ ಅರಮನೆಯದು. ಮೊನ್ನೆ ಕೆಲಸದ ಯಾದಮ್ಮ ಅದನ್ನು ಎತ್ತಿ ಹಿಡಿದು ತಿರುಗಿಸಿ ನೋಡಿ, "ಅಮ್ಮಾ, ದೀನಿ ಜೋಡಿ ಎಕ್ಕಡ?" ಎಂದು ಕೇಳಿದಳು. ಇದರ ಜೋಡಿ ಎಲ್ಲಿ ಎಂದು. ನನಗೂ ಗೊತ್ತಿಲ್ಲ. ಈ ಫ್ಲ್ಯಾಟಿನಲ್ಲಿ ಜೋಡಿಯಾಗಿ ಉಳಿಯುವುದು ಕಷ್ಟ. ನಿಮ್ಮ ಕಾಲುಚೀಲಗಳೂ ಉಳಿಯುವುದಿಲ್ಲ, ನಾನೂ ಉಳಿಯಲಿಲ್ಲ.

ಸಾನು, ನೀನು ಆಗ ನಿಮ್ಮಪ್ಪನ ಹೆಗಲ ಮೇಲೆ ನಿದ್ದೆ ಮಾಡುತ್ತಲೇ ಅರ್ಧ ಯೂರೋಪು ದಾಟಿದವಳು. ಪುಟ್ಟಾ, ನೀನು ಇನ್ನೂ ಹುಟ್ಟಿರಲಿಲ್ಲ. ಆದರೂ ಆಲ್ಬಮ್ಮು ತೆಗೆದಾಗಲೆಲ್ಲ "ನಾನೆಲ್ಲಿ?" ಎಂದು ಜಗಳ ತೆಗೆಯುತ್ತೀಯ. ಆದ್ದರಿಂದ ಇಬ್ಬರಿಗೂ ಸೇರಿಸಿ ಬರೆಯುತ್ತೇನೆ. ಬಾಯಿಬಿಟ್ಟು ಹೇಳೋಣವೆಂದರೆ ನನಗೆ ನಾಲ್ಕು ಜನರ ಎದುರು ಮಾತು ಹೊರಡುವುದಿಲ್ಲ. ನೀವಿಬ್ಬರು ಸೇರಿದರೆ ನಾಲ್ಕು ಜನರಿಗೆ ಸಮ.

ಆ ಕಾಲದಲ್ಲಿ ಹೈದರಾಬಾದಿನಲ್ಲಿ ಎಲ್ಲಿ ನೋಡಿದರೂ ಕಂಪ್ಯೂಟರಿನ ಕೆಲಸ. ನಾಚಾರಂನ ಕಾರ್ಖಾನೆಗಳ ಹಿಂದಿನ ಎರಡು ಕೋಣೆಯ ಮನೆಯಿಂದ ನಿಮ್ಮಮ್ಮ ನನ್ನನ್ನು ಈ ಅಪಾರ್ಟ್‌ಮೆಂಟಿಗೆ ಕರೆತಂದಳು. ನಾಚಾರಂನಲ್ಲಿ ಎದುರಿಗೆ ಸಿಕ್ಕವರು ನೀರು ಬಂತೇ ಎಂದು ಕೇಳುತ್ತಿದ್ದರು. ಇಲ್ಲಿ ಲಿಫ್ಟಿನಲ್ಲಿ ಸಿಕ್ಕವರು, "ಆಂಟೀ, ಮೀಕು ಯೂರೋಪ್ ಅಯಿಪೋಯಿಂದಾ?" ಎಂದು ಕೇಳುತ್ತಿದ್ದರು. ನಿಮಗೆ ಯೂರೋಪು ಆಯಿತೇ ಎಂದು, ಮಕ್ಕಳಿಗೆ ಸೂಜಿ ಹಾಕಿಸಿ ಆಯಿತೇ ಎಂದು ಕೇಳುವ ಹಾಗೆ. ಕೆಳಗಿನ ಮಹಡಿಯವರಿಗೆ ಆಗಿತ್ತು. ಮೇಲಿನವರಿಗೆ ಎರಡು ಸಲ ಆಗಿತ್ತು. ನಮಗೆ ಮಾತ್ರ ಆಗಿರಲಿಲ್ಲ. ನಿಮ್ಮಪ್ಪ ಲಿಫ್ಟು ಬಿಟ್ಟು ಮೆಟ್ಟಿಲು ಹತ್ತತೊಡಗಿದರು. ಆರೋಗ್ಯಕ್ಕೆ ಒಳ್ಳೆಯದಂತೆ. ಪ್ಯಾಕೇಜ್ ಟೂರಿಗೆ ಹೆಸರು ಕೊಟ್ಟ ದಿನವೇ ಆರೋಗ್ಯದ ಚಿಂತೆ ಬಿಟ್ಟು ಮತ್ತೆ ಲಿಫ್ಟಿಗೆ ಬಂದರು. ನೆಲಮಾಳಿಗೆಯಿಂದ ಮೇಲಿನ ಮಹಡಿಯವರೆಗೆ ಸುಮ್ಮನೆ ಒಮ್ಮೆ ಹೋಗಿ ಬಂದರು ಎಂದು ವಾಚ್‌ಮನ್ ಹೇಳಿದ.

ಚಪ್ಪಲಿಯ ವಿಷಯ ಹೇಳಹೊರಟು ಎಲ್ಲಿಗೋ ಹೋದೆ. ನಾನು ಹುಟ್ಟಿದ್ದು ಹುಮನಾಬಾದಿನಿಂದ ಒಳಗೆ, ಬಸ್ಸು ಬಾರದ ಹಳ್ಳಿಯಲ್ಲಿ. ನಮ್ಮ ಶಾಲೆ ಮಠದ ಪಡಸಾಲೆಯಲ್ಲಿತ್ತು. ಅಕ್ಷರ ಕಲಿಯುವ ಮೊದಲೇ ನಾನು ಚಪ್ಪಲಿ ಓದುವುದನ್ನು ಕಲಿತಿದ್ದೆ. ಮನೆಯ ಹೊಸ್ತಿಲ ಹೊರಗೆ ಬಿಟ್ಟ ಜೋಡು ನೋಡಿದರೆ ಒಳಗೆ ಯಾರಿದ್ದಾರೆಂದು ಗೊತ್ತಾಗುತ್ತಿತ್ತು. ಬಲಹಿಮ್ಮಡಿ ಸವೆದದ್ದು ಊರ ಲೆಕ್ಕ ಬರೆಯುವ ಪಟವಾರಿಯದು. ಉಂಗುಟ ಕಿತ್ತು ದಾರದಿಂದ ಕಟ್ಟಿದ್ದು ನಮ್ಮ ಸೋದರಮಾವನದು. ಅದನ್ನು ಕಂಡರೆ ಅವ್ವ ಏನನ್ನೂ ಕೇಳದೆ ಇನ್ನೊಂದು ಹಿಡಿ ಬೇಳೆ ಹಾಕುತ್ತಿದ್ದಳು. ಬಂದವರ ಜೋಡನ್ನು ಮೂತಿ ಹೊರಗೆ ಮಾಡಿ ಸಾಲಾಗಿ ಇಡುವುದು ನನ್ನ ಕೆಲಸ. ಮೂತಿ ಒಳಗೆ ಇದ್ದರೆ ಬಂದವರು ಬೇಗ ಏಳುವುದಿಲ್ಲ ಎಂದು ಅವ್ವನ ನಂಬಿಕೆ. ಇಂದಿಗೂ ನಮ್ಮ ಮನೆಗೆ ನಿಮ್ಮಪ್ಪನ ಆಫೀಸಿನವರು ಬಂದರೆ ನಾನು ಹೋಗಿ ಅವರ ಬೂಟುಗಳನ್ನು ತಿರುಗಿಸಿ ಇಟ್ಟು ಬರುತ್ತೇನೆ. ಅವರು ಅದನ್ನು ಮರ್ಯಾದೆ ಎಂದುಕೊಂಡಿದ್ದಾರೆ.

ಇನ್ನು ನನ್ನ ಚಪ್ಪಲಿ. ನಿಮ್ಮ ಅಜ್ಜ ನಾಚಾರಂನಲ್ಲಿ ಮೆಷಿನ್ನುಗಳಿಗೆ ರಬ್ಬರ್ ಪಟ್ಟಿ ಮಾಡುವ ಸಣ್ಣ ಕಾರ್ಖಾನೆಯಲ್ಲಿದ್ದರು. ನನಗೆ ಹಿಮ್ಮಡಿ ನೋವು ಶುರುವಾದಾಗ ಯಾವ ಚಪ್ಪಲಿಯೂ ಒಗ್ಗಲಿಲ್ಲ. ಬೇಗಂ ಬಜಾರಿನಿಂದ ಸಾದಾ ಚಪ್ಪಲಿಯೊಂದನ್ನು ತಂದು, ಅದರ ಅಟ್ಟೆ ಕಿತ್ತು, ಕಾರ್ಖಾನೆಯಲ್ಲಿ ಬಿಸಾಡಿದ ಪಟ್ಟಿಯ ತುಂಡನ್ನು ಅಂಟಿಸಿ ಸುತ್ತಲೂ ಹೊಲಿದರು. ಒಂದು ಭಾನುವಾರವೆಲ್ಲ ಬಾಗಿಲಲ್ಲಿ ಕೂತು ಅದೇ ಕೆಲಸ. ಮುಗಿದ ಮೇಲೆ ನನ್ನ ಮುಂದೆ ಇಟ್ಟು, "ತಗೊ. ನೀ ಸವದರೂ ಇವು ಸವಿಯೂದಿಲ್ಲ" ಎಂದರು. ಯಾರು ಮೊದಲು ಸವೆದರು ಎಂದು ನಾನು ಬರೆಯಬೇಕಾಗಿಲ್ಲ. ನಿಮ್ಮಮ್ಮ ಆಗ ಹಾಸ್ಟೆಲಿನಲ್ಲಿದ್ದಳು. ಅವಳಿಗೆ ಇದು ಗೊತ್ತಿರಲಿಲ್ಲ. ಗಂಡ ಚಪ್ಪಲಿ ಹೊಲಿದುಕೊಟ್ಟ ಎಂದು ಮಗಳೆದುರು ಹೇಳಿಕೊಳ್ಳಲು ನನಗೆ ನಾಚಿಕೆ.

ಹೊರಡುವ ಮುಂಚೆ ನಿಮ್ಮಮ್ಮ ಬಿಳಿಯ ಬೂಟು ತಂದಿಟ್ಟಳು. "ಅವ್ವಾ, ಇವು ಹಾಕ್ಕೊ. ಅಲ್ಲಿ ಭಾಳ ಥಂಡಿ ಐತಿ."

"ನನ್ನ ಕಾಲಿಗಿ ಇವೇ ಚಲೋ ಅದಾವ."

"ಆ ಡಕೋಟಾ ಚಪ್ಪಲ್ ತಗೊಂಡು ಯೂರೋಪಿಗಿ ಬರ್ತಿ? ಫೋಟೊದಾಗ ಕಾಣ್ತಾವ."

"ಸೀರಿ ಕೆಳಗ ಬಿಟ್ಕೊತೀನಿ ತಗೊ."

ಹೀಗೆ ನಾನು ಸೀರೆಯನ್ನು ನೆಲಕ್ಕೆ ತಾಗುವಂತೆ ಉಟ್ಟು ಪ್ರಾಗ್ ಎಂಬ ಊರಿನ ಬೀದಿಗಳನ್ನು ಗುಡಿಸುತ್ತ ಹೋದೆ. ನಿಮ್ಮಮ್ಮ ಫೋಟೊ ತೆಗೆಯುವಾಗಲೆಲ್ಲ "ಕಾಲು, ಕಾಲು" ಎನ್ನುತ್ತಿದ್ದಳು. ನಾನು ಕಾಲು ಮುಚ್ಚುತ್ತಿದ್ದೆ.

ನಮ್ಮ ಬಸ್ಸಿನ ತುಂಬ ಹೈದರಾಬಾದಿನವರು. ಪ್ರವಾಸ ನಡೆಸುವವನು ಪ್ರಸಾದ್ ಎಂಬ ಹುರುಪಿನ ಮನುಷ್ಯ. ಅವನ ಕೈಯಲ್ಲಿ ಮಡಚಿದ ಕೆಂಪು ಕೊಡೆ. ಅದು ಗುರುತಿಗೆ. ಮಳೆ ಬಂದರೂ ಬಿಚ್ಚುತ್ತಿರಲಿಲ್ಲ. "ಛತ್ರಿ ದಿಖಿ ತೋ ಆಪ್ ಹೈ, ನಹೀ ದಿಖಿ ತೋ ಆಪ್ ನಹೀ" ಎಂದು ಮೊದಲೇ ಹೇಳಿಬಿಟ್ಟಿದ್ದ. ಕೊಡೆ ಕಂಡರೆ ನೀವು ಇದ್ದೀರಿ, ಕಾಣದಿದ್ದರೆ ಇಲ್ಲ. ಅಂದಿನಿಂದ ನಾನು ಯೂರೋಪಿನಲ್ಲಿ ನೋಡಿದ್ದು ಆ ಕೊಡೆಯೊಂದನ್ನೇ.

ಬೆಳಿಗ್ಗೆ ಒಂದು ದೊಡ್ಡ ಗಡಿಯಾರದ ಕೆಳಗೆ ನಿಲ್ಲಿಸಿದರು. ಗಂಟೆಗೊಮ್ಮೆ ಅದರೊಳಗಿನ ಬೊಂಬೆಗಳು ಹೊರಬಂದು ತಿರುಗಿ ಒಳಹೋಗುತ್ತವೆ. ಊರೆಲ್ಲ ಅಲ್ಲಿ ನೆರೆದಿತ್ತು. ಬೊಂಬೆ ಬಂದ ಕೂಡಲೇ ಎಲ್ಲರೂ ಕ್ಯಾಮೆರಾ ಕಣ್ಣಿಗೆ ಒತ್ತಿಕೊಂಡರು. ನಿಮ್ಮಪ್ಪ ಹ್ಯಾಂಡಿಕ್ಯಾಮಿನ ಗುಂಡಿ ಸರಿಯಾಗಿ ಒತ್ತಿದ್ದೇನೋ ಇಲ್ಲವೋ ಎಂದು ನೋಡುತ್ತಿದ್ದಾಗಲೇ ಬೊಂಬೆಗಳು ಒಳಹೋದವು. "ಪರವಾಗಿಲ್ಲ ಅತ್ತೆ, ಮನೇಲಿ ಹೋಗಿ ನಿಧಾನವಾಗಿ ನೋಡೋಣ" ಎಂದರು. ಮೈಸೂರಿನವರು, ಮಾತು ಮೃದು. ಮನೆಗೆ ಬಂದು ನೋಡಿದರೆ ಅದರಲ್ಲಿ ಮುಂದೆ ನಿಂತವರ ತಲೆ ಇತ್ತು.

ಆಮೇಲೆ ಹೊಳೆಯ ಮೇಲಿನ ಕಲ್ಲಿನ ಸೇತುವೆ. ಎರಡೂ ಬದಿಗೆ ಅವರ ಸಂತರ ಮೂರ್ತಿಗಳು. ಒಂದರ ಕೆಳಗಿನ ಹಿತ್ತಾಳೆ ತಗಡನ್ನು ಮುಟ್ಟಿ ಬೇಡಿಕೊಂಡರೆ ಆಗುತ್ತದಂತೆ. ನಮ್ಮ ಬಸ್ಸು ಪೂರ್ತಿ ಸಾಲು ಹಿಡಿಯಿತು. ನನ್ನ ಪಕ್ಕದ ಸೀಟಿನ ಸರೋಜನಮ್ಮ ಕಣ್ಣು ಮುಚ್ಚಿ ಮಗನಿಗೆ ಗ್ರೀನ್ ಕಾರ್ಡ್ ಬೇಡಿದರು. ಆ ಸಂತ ತೆಲುಗು ಬಲ್ಲವನೋ ಇಲ್ಲವೋ ಎಂಬ ಅನುಮಾನದಿಂದ ಇಂಗ್ಲಿಷಿನಲ್ಲಿಯೂ ಒಮ್ಮೆ ಹೇಳಿದರು. ನಿಮ್ಮಪ್ಪ ಇಂಥದ್ದನ್ನೆಲ್ಲ ನಂಬುವವರಲ್ಲ. ಆದರೂ ಆ ತಗಡಿಗೆ ಬೆನ್ನು ತಾಗಿಸಿ ಬಹಳ ಹೊತ್ತು ನಿಂತಿದ್ದರು.

ಅಲ್ಲಿಂದ ಚಿತ್ರಗಳ ಮ್ಯೂಸಿಯಮ್ಮು. ಗೋಡೆ ತುಂಬ ಆಳೆತ್ತರದ ಹೆಂಗಸರು, ಒಬ್ಬಳ ಮೈಮೇಲೂ ಒಂದು ಚೂರು ಬಟ್ಟೆಯಿಲ್ಲ. ಅಳಿಯ ಪಕ್ಕದಲ್ಲಿ. ನಾನು ಬಾಗಿಲಿನಿಂದ ಬಾಗಿಲಿನವರೆಗೆ ನೆಲ ನೋಡುತ್ತ ನಡೆದೆ. ಆ ಮ್ಯೂಸಿಯಮ್ಮಿನ ನೆಲವನ್ನು ನನ್ನಷ್ಟು ಗಮನವಿಟ್ಟು ನೋಡಿದವರು ಇರಲಾರರು. ಒಮ್ಮೆ ತಲೆ ಎತ್ತಿದಾಗ ನಿಮ್ಮಪ್ಪ ಒಂದು ಹಣ್ಣಿನ ಬುಟ್ಟಿಯ ಚಿತ್ರದ ಮುಂದೆ ಕೈಕಟ್ಟಿ ನಿಂತಿದ್ದರು. ಅವರೂ ಬಹಳ ಹೊತ್ತಿನಿಂದ ಅಲ್ಲೇ ಇದ್ದಂತೆ ಕಂಡಿತು.

ಕೊನೆಗೆ ಗುಡ್ಡದ ಮೇಲಿನ ಅರಮನೆ. ಈಗ ಅದೂ ಮ್ಯೂಸಿಯಮ್ಮು. ಬಾಗಿಲೊಳಗೆ ಒಂದು ಮರದ ಪೆಟ್ಟಿಗೆ, ಅದರ ತುಂಬ ಕಂಬಳಿಯಂತಹ ದಪ್ಪ ಬಟ್ಟೆಯ ದೊಡ್ಡ ದೊಡ್ಡ ಚಪ್ಪಲಿಗಳು. ಮೇಲೆ ಗೋಡೆಯಲ್ಲಿ ಏನೋ ಬರೆದಿತ್ತು. ಬರೆದದ್ದು ಏನೇ ಇರಲಿ, ಬಾಗಿಲಲ್ಲಿ ಚಪ್ಪಲಿ ಇಟ್ಟಿದ್ದಾರೆಂದರೆ ನನಗೆ ಅರ್ಥ ಒಂದೇ. ನಮ್ಮದು ಬಿಟ್ಟು ಅವರದು ಹಾಕಿಕೊಂಡು ಒಳಗೆ ಹೋಗಬೇಕು. ರಾಜನ ಮನೆ, ಸರಿಯಾಗಿಯೇ ಇದೆ ಎಂದುಕೊಂಡೆ. ನನ್ನ ಚಪ್ಪಲಿ ಬಿಚ್ಚಿ, ಮೂತಿ ಹೊರಗೆ ಮಾಡಿ, ಒಂದು ಅಮೃತಶಿಲೆಯ ಮೂರ್ತಿಯ ಕಾಲಬುಡದಲ್ಲಿಟ್ಟೆ. ಸರೋಜನಮ್ಮ ನನ್ನನ್ನು ನೋಡಿ ಬಿಚ್ಚಿದರು. ಅವರನ್ನು ನೋಡಿ ಬಸ್ಸಿನ ಉಳಿದ ಅಜ್ಜಿಯರು ಬಿಚ್ಚಿದರು. ಬಿಟ್ಟದ್ದು ಬಿಟ್ಟಂತೆ ಬಿದ್ದಿರುವುದನ್ನು ನೋಡಲಾಗದೆ ಅವರದನ್ನೂ ಸಾಲಾಗಿ ತಿರುಗಿಸಿ ಇಟ್ಟೆ. ಓದಿದವರೆಲ್ಲ ಆ ಕಂಬಳಿ ಚಪ್ಪಲಿಗಳನ್ನು ತಮ್ಮ ಬೂಟಿನ ಮೇಲೆಯೇ ಹಾಕಿಕೊಂಡಿದ್ದರು. ನೆಲಕ್ಕೆ ಗೀರು ಬೀಳದಿರಲೆಂದು ಬೂಟಿಗೆ ತೊಡಿಸುವ ಚಪ್ಪಲಿಯಂತೆ ಅದು! ಚಪ್ಪಲಿಯ ಮೇಲೆ ಚಪ್ಪಲಿ ಹಾಕಿಕೊಂಡು ಮನೆಯೊಳಗೆ ಹೋಗುವ ಜನ ಇದ್ದಾರೆಂದು ನಮ್ಮ ಮಠದ ಶಾಲೆಯಲ್ಲಿ ಹೇಳಿಕೊಟ್ಟಿರಲಿಲ್ಲ. ಪೆಟ್ಟಿಗೆಯ ಬಳಿಯ ಹೆಂಗಸು ನಮ್ಮ ಕಡೆ ಕೈ ಮಾಡಿ ಏನೋ ಕೂಗಿದಳು. ಆದರೆ ಕೆಂಪು ಕೊಡೆ ಆಗಲೇ ಮೂರನೆಯ ಕೋಣೆಯಲ್ಲಿತ್ತು.

ಓಡಿದೆವು. ಕೋಣೆ, ಕೊಡೆ, ಕೋಣೆ, ಕೊಡೆ. ಅರಮನೆ ಮುಗಿಯಿತು. ಒಂದು ಬಾಗಿಲಿನಿಂದ ದಬ್ಬಿದಂತೆ ಹೊರಗೆ ಬಂದೆವು. ಕಲ್ಲು ಹಾಸಿದ ಓಣಿ, ಜಿಟಿಜಿಟಿ ಮಳೆ. ಬಂದ ಬಾಗಿಲಲ್ಲ ಅದು. ಬಂದ ಬಾಗಿಲು ಅರಮನೆಯ ಆ ತುದಿಗಿತ್ತು. ನಾವು ಅಜ್ಜಿಯರು ರಾಜನ ಕಂಬಳಿ ಚಪ್ಪಲಿಯಲ್ಲಿ ನಿಂತು ಒಬ್ಬರ ಕಾಲನ್ನೊಬ್ಬರು ನೋಡಿಕೊಂಡೆವು. ಹೋದ ಬಾಗಿಲಿನಿಂದ ಹೊರಗೆ ಬರುವುದಿಲ್ಲ ಎಂಬ ಯೋಚನೆ ನಮ್ಮಲ್ಲಿ ಒಬ್ಬರಿಗೂ ಬಂದಿರಲಿಲ್ಲ. ಯಾವ ಗುಡಿಯಲ್ಲಿ ಹಾಗಾಗುತ್ತದೆ ಹೇಳಿ?

ಪ್ರಸಾದ್ ತಲೆ ಮೇಲೆ ಕೈಯಿಟ್ಟ. "ಅರೆ ಅಮ್ಮಾ, ಅಂದರ್ ವಾಪಸ್ ನಹೀ ಛೋಡ್ತೇ. ಬಾಹರ್ ಸೇ ಗಯೇ ತೋ ಪೂರಾ ಪಹಾಡ್ ಘೂಮ್ನಾ. ಬಸ್ ನಹೀ ರುಕ್ತಿ. ಲಂಚ್ ಬಂದ್ ಹೋ ಜಾತಾ. ನಕ್ಕೋ!" ಒಳಗಿನಿಂದ ಮತ್ತೆ ಬಿಡುವುದಿಲ್ಲ, ಹೊರಗಿನಿಂದ ಹೋದರೆ ಗುಡ್ಡವನ್ನೇ ಸುತ್ತಬೇಕು, ಅಷ್ಟರಲ್ಲಿ ಊಟ ಮುಗಿದಿರುತ್ತದೆ. ಊಟವೆಂದರೆ ಒಂದು ಪಂಜಾಬಿ ಹೋಟೆಲಿನ ಪನೀರು. ಆ ಪ್ರವಾಸದಲ್ಲಿ ದೇಶಗಳು ಬದಲಾಗುತ್ತಿದ್ದವೇ ಹೊರತು ಪನೀರು ಬದಲಾಗುತ್ತಿರಲಿಲ್ಲ.

"ಬಿಡಿ ಅತ್ತೆ, ಹೋಟೆಲ್ ಪಕ್ಕದಲ್ಲೇ ಅಂಗಡಿ ಇದೆ. ಎಲ್ಲರಿಗೂ ಹೊಸ ಶೂಸ್ ತಗೊಂಡುಬಿಡೋಣ" ಎಂದರು ನಿಮ್ಮಪ್ಪ.

ಅಜ್ಜಿಯರ ಮುಖ ಅರಳಿತು. ಸರೋಜನಮ್ಮ ನನ್ನ ಭುಜ ತಟ್ಟಿ, "ಪೋನೀಲೆಂಡಿ ವದಿನಾ, ಪಾತ ಚೆಪ್ಪುಲೇ ಕದಾ" ಎಂದರು. ಹೋಗಲಿ ಬಿಡಿ ಅತ್ತಿಗೆ, ಹಳೆಯ ಚಪ್ಪಲಿ ತಾನೇ. ಅವರ ಮನಸ್ಸು ಆಗಲೇ ಹೊಸ ಬೂಟಿನ ಬಣ್ಣ ಆರಿಸುತ್ತಿತ್ತು.

ಎಲ್ಲರೂ ಬಸ್ಸಿನ ಕಡೆ ತಿರುಗಿದರು.

"ನಾ ಬರೂದಿಲ್ಲ."

ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. ಈ ಸಲ ದನಿ ಎಷ್ಟು ಜೋರಾಗಿ ಬಂತೆಂದರೆ ಹೇಳಿದವರು ಯಾರೆಂದು ನಾನೇ ಹಿಂದೆ ತಿರುಗಿ ನೋಡಿದೆ.

"ಏನಂದಿ ಅವ್ವಾ?"

"ನನ್ನ ಚಪ್ಪಲ್ ಬಿಟ್ಟು ನಾ ಬರೂದಿಲ್ಲಂದೆ. ನೀವು ಹೋಗಿ ಉಣ್ರಿ."

"ಹಟಾ ಮಾಡಬ್ಯಾಡ. ಮಂದಿ ಎಲ್ಲಾ ನೋಡಾಕತ್ತಾರ."

"ನೋಡ್ಲಿ. ಮುಂಜಾನಿಂದ ಅವರು ಬಂದಿದ್ದು ನೋಡಾಕಂತನ."

ಅಷ್ಟು ಹೇಳಿದ ಮೇಲೆ ಅಲ್ಲಿ ನಿಲ್ಲಲು ನನಗೆ ಧೈರ್ಯವಾಗಲಿಲ್ಲ. ಹೊರಗೆ ಬರುವ ಬಾಗಿಲಿನಿಂದಲೇ ಒಳಗೆ ನುಗ್ಗಿಬಿಟ್ಟೆ. ನನಗೆ ಗೊತ್ತಿದ್ದ ದಾರಿ ಅದೊಂದೇ.

ಮೊದಲ ಸಲ ಕೊಡೆಯ ಹಿಂದೆ ಓಡುವಾಗ ನಾನು ಆ ಅರಮನೆಯಲ್ಲಿ ಏನನ್ನೂ ನೋಡಿರಲಿಲ್ಲ. ಈಗ ಕೊಡೆಯಿಲ್ಲ. ಪ್ರಸಾದನ ಲೆಕ್ಕದಲ್ಲಿ ನಾನೇ ಇರಲಿಲ್ಲ. ಕೊನೆಯ ಕೋಣೆ ನನಗೆ ಮೊದಲನೆಯದಾಯಿತು. ಅಲ್ಲಿ ರಾಜ ಸತ್ತ ಮಂಚ. ಪಕ್ಕದಲ್ಲಿ ರಾಣಿಯ ಕಪ್ಪು ಉಡುಪು, ಗಂಡ ಹೋದ ಮೇಲೆ ಅವಳು ತೊಟ್ಟದ್ದಿರಬೇಕು. ಅದರ ಬಳಿ ಒಂದು ಗಾಜಿನ ಪೆಟ್ಟಿಗೆ. ಒಳಗೆ ಸಣ್ಣ ದೀಪದ ಕೆಳಗೆ, ರಾಜ ಮನೆಯಲ್ಲಿ ಹಾಕಿಕೊಳ್ಳುತ್ತಿದ್ದ ಮಖಮಲ್ಲಿನ ಚಪ್ಪಲಿ. ಹೆಬ್ಬೆರಳಿನ ಜಾಗ ಸವೆದು ತೂತಾಗಿತ್ತು. ಎಡಹಿಮ್ಮಡಿ ಒಂದು ಕಡೆಗೆ ವಾಲಿತ್ತು. ಎಳೆದು ಹಾಕುವ ಕಾಲು, ಸಿಡುಕಿನ ಮನುಷ್ಯ ಎಂದು ನಾನು ಓದಿಕೊಂಡೆ. ಅದಕ್ಕೊಂದು ಗಾಜು, ಒಂದು ದೀಪ, ಕಾಯಲು ಕುರ್ಚಿಯಲ್ಲಿ ಒಬ್ಬ ಹೆಂಗಸು. ಹಳೆಯವೇ ತಾನೇ, ಹೊಸವು ಕೊಡಿಸೋಣ ಬಿಡಿ ಎಂದು ಆ ರಾಣಿಗೆ ಯಾರೂ ಹೇಳಿರಲಿಕ್ಕಿಲ್ಲ.

ಕುರ್ಚಿಯಲ್ಲಿದ್ದ ಹೆಂಗಸು ಎದ್ದು, ಗೋಡೆಯ ಬಾಣದ ಗುರುತು ತೋರಿಸಿ, ನಾನು ತಪ್ಪು ದಿಕ್ಕಿಗೆ ಹೊರಟಿದ್ದೇನೆಂದು ಗದರಿಸಿದಳು. ನನ್ನದೇ ವಯಸ್ಸು, ಮೈಮೇಲೆ ಸ್ವೆಟರು. ನಾನು ಕಾಲು ಮುಂದೆ ಚಾಚಿ, "ತಂಗಿ, ನನ್ನ ಚಪ್ಪಲ್ ಆ ಕಡಿ ಬಾಗಲಕ್ಕ ಅದಾವ. ತಗೊಂಡು ಹೊಂಟುಬಿಡ್ತೀನಿ" ಎಂದೆ. ಅವಳು ನನ್ನ ಬರಿಗಾಲು ನೋಡಿದಳು, ಅದಕ್ಕೆ ಹತ್ತಿದ ರಾಜನ ಕಂಬಳಿ ಚಪ್ಪಲಿ ನೋಡಿದಳು. ತನ್ನ ಭಾಷೆಯಲ್ಲಿ ಉದ್ದಕ್ಕೆ ಏನೋ ಹೇಳಿದಳು. ಬಯ್ದಳೋ, ಅಯ್ಯೋ ಎಂದಳೋ. ಆಮೇಲೆ ನನ್ನ ಹಿಂದೆಯೇ ಹೊರಟಳು. ಮುಂದಿನ ಕೋಣೆಯಲ್ಲಿ ಇನ್ನೊಬ್ಬಳು ಎದ್ದಳು. ಇವಳು ಅವಳಿಗೆ ಹೇಳಿದಳು, ಅವಳೂ ಬಂದಳು. ರಾಜನ ಮದುವೆಯ ಕೋಣೆ ಮುಟ್ಟುವ ಹೊತ್ತಿಗೆ ನನ್ನ ಹಿಂದೆ ಸ್ವೆಟರಿನ ಹೆಂಗಸರ ದಿಬ್ಬಣವೇ ಇತ್ತು. ನನ್ನ ಮದುವೆಯಲ್ಲೂ ಅಷ್ಟು ಜನ ಹಿಂದೆ ಬಂದಿರಲಿಲ್ಲ.

ಹೋದಂತೆಲ್ಲ ರಾಜ ಚಿಕ್ಕವನಾಗುತ್ತ ಹೋದ. ಪದಕಗಳು ಉದುರಿದವು, ಗಡ್ಡ ಹೋಯಿತು, ಹೆಂಡತಿ ತವರಿಗೆ ಹೋದಳು, ಕೊನೆಗೆ ಒಂದು ಮರದ ಕುದುರೆ, ಒಂದು ತೊಟ್ಟಿಲು. ಬಂದವರೆಲ್ಲ ಅವನನ್ನು ತೊಟ್ಟಿಲಿನಿಂದ ಎಬ್ಬಿಸಿ ಮಂಚದ ಮೇಲೆ ಸಾಯಿಸಿ ಊಟಕ್ಕೆ ಹೋಗುತ್ತಿದ್ದರು. ನಾನೊಬ್ಬಳೇ ಸತ್ತವನನ್ನು ಎಬ್ಬಿಸಿ ತಂದು ತೊಟ್ಟಿಲಿಗೆ ಹಾಕಿದೆ.

ಬಾಗಿಲ ಬಳಿ ಜನ ಗುಂಪು ಕಟ್ಟಿದ್ದರು. ಬಿಸಾಡಿಬಿಟ್ಟರೇನೋ ಎಂದು ಸಂದಿಯಿಂದ ಇಣುಕಿದೆ. ನಮ್ಮ ಚಪ್ಪಲಿಗಳು ಇಟ್ಟಲ್ಲೇ ಇದ್ದವು, ಮೂತಿ ಹೊರಗೆ ಮಾಡಿ, ಸಾಲಾಗಿ. ಯಾರೂ ಎಡವದಿರಲೆಂದು ಪೆಟ್ಟಿಗೆಯ ಹೆಂಗಸು ಅವುಗಳ ಸುತ್ತ ಹಿತ್ತಾಳೆಯ ಕಂಬ ನಿಲ್ಲಿಸಿ ಕೆಂಪು ಹಗ್ಗ ಕಟ್ಟಿದ್ದಳು. ಹಗ್ಗ ಕಂಡ ಮೇಲೆ ಪ್ರವಾಸಿಗಳು ಬಿಡುತ್ತಾರೆಯೇ? ಬಂದವರೆಲ್ಲ ನಿಂತು ಫೋಟೊ ತೆಗೆಯುತ್ತಿದ್ದರು. ಕನ್ನಡಕದ ಒಬ್ಬಾತ ಮೊಣಕಾಲೂರಿ ವಿವರದ ಚೀಟಿ ಎಲ್ಲಿದೆಯೆಂದು ಹುಡುಕುತ್ತಿದ್ದ. ಇನ್ನೊಬ್ಬಾತ ತನ್ನ ಹೆಂಡತಿಗೆ ಅದರ ಅರ್ಥವನ್ನು ಬಿಡಿಸಿ ಹೇಳುತ್ತಿದ್ದ. ಅವನು ಏನು ಹೇಳಿದನೆಂದು ತಿಳಿಯುವ ಆಸೆ ನನಗೆ ಇಂದಿಗೂ ಇದೆ.

ನಾನು ಸೀರೆ ಎತ್ತಿ ಹಗ್ಗ ದಾಟಿದೆ. ಗುಂಪು ಹಾ ಎಂದಿತು. ಕಂಬಳಿ ಚಪ್ಪಲಿ ಬಿಚ್ಚಿ, ನನ್ನವನ್ನು ಮೆಟ್ಟಿದೆ. ಬೆಚ್ಚಗಿದ್ದವು ಎಂದರೆ ನೀವು ನಗುತ್ತೀರಿ. ಸೊಂಟಕ್ಕೆ ಸಿಕ್ಕಿಸಿದ್ದ ಪ್ಲಾಸ್ಟಿಕ್ ಚೀಲ ತೆಗೆದು ಸರೋಜನಮ್ಮನವನ್ನೂ ಉಳಿದವರವನ್ನೂ ತುಂಬಿಕೊಂಡೆ. ಯಾವುದು ಯಾರದೆಂದು ಕೇಳುವ ಅಗತ್ಯ ನನಗಿರಲಿಲ್ಲ. ಗಡಿಬಿಡಿಯಲ್ಲಿ ರಾಜನ ಕಂಬಳಿ ಚಪ್ಪಲಿಯೂ ಚೀಲದೊಳಗೆ ಸೇರಿತು. ಆ ಸ್ವೆಟರಿನ ಹೆಂಗಸರು ನನ್ನ ಕೈಹಿಡಿದು ಯಾವುದೋ ಸಣ್ಣ ಬಾಗಿಲು ತೆಗೆದು, ಮೆಟ್ಟಿಲಿಳಿಸಿ, ಅದೇ ಓಣಿಗೆ ತಂದುಬಿಟ್ಟರು. ಪ್ರಸಾದ್ ಸುತ್ತಬೇಕೆಂದ ಗುಡ್ಡ ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಊಟ ತಪ್ಪಿತ್ತು. ಬಸ್ಸು ಪೂರ್ತಿ ಸರೋಜನಮ್ಮನ ಡಬ್ಬಿಯ ಚಕ್ಕುಲಿ ತಿಂದಿತು. ಇಡೀ ಯೂರೋಪಿನಲ್ಲಿ ಪನೀರು ಇಲ್ಲದ ಹೊತ್ತು ಅದೊಂದೇ. ಆದರೂ ಯಾರೂ ನನಗೆ ಥ್ಯಾಂಕ್ಸ್ ಹೇಳಲಿಲ್ಲ. ಹೊಸ ಬೂಟು ಕಳೆದುಕೊಂಡ ಸರೋಜನಮ್ಮನಂತೂ ಕಿಟಕಿಯ ಕಡೆ ತಿರುಗಿ ಕೂತರು.

ನಿಮ್ಮಮ್ಮ ಮಾತು ಬಿಟ್ಟಿದ್ದಳು. ನಾನು ಚಪ್ಪಲಿ ಬಿಚ್ಚಿ, ಕೆಸರು ಒರೆಸಲು ಮಗುಚಿ ಮಡಿಲಲ್ಲಿಟ್ಟುಕೊಂಡೆ. ಅವಳು ಕೈಚಾಚಿ ಒಂದನ್ನು ತೆಗೆದುಕೊಂಡಳು. ಅಟ್ಟೆಯಲ್ಲಿ ಆ ಪಟ್ಟಿಯ ಗೀರುಗಳು ಹಾಗೇ ಇದ್ದವು. ನಾಚಾರಂನ ಮನೆಯಲ್ಲಿ ಮಂಚದ ಕಾಲಿನ ಕೆಳಗೆ, ಸ್ಟೋವಿನ ಕೆಳಗೆ, ಬಾಗಿಲ ಸಂದಿಗೆ ಇದ್ದದ್ದು ಅದೇ ರಬ್ಬರು. ಅವಳು ಅದರ ಮೇಲೆ ಆಡಿಕೊಂಡೇ ಬೆಳೆದವಳು.

"ಇದು ಅಪ್ಪನ ಕಾರ್ಖಾನಿದು."

"ಹೂಂ."

"ಈ ಹೊಲಿಗಿ?"

ನಾನು ಇನ್ನೊಂದರ ಕೆಸರು ಒರೆಸತೊಡಗಿದೆ.

"ನನಗ್ಯಾಕ ಹೇಳಲಿಲ್ಲವ್ವಾ?"

"ನೀ ಹಳೀವು ಅಂದಿ. ಹಳೀವ ಅದಾವಲ್ಲ, ಏನ್ ಹೇಳ್ಲಿ?"

ಸಂಜೆ 'ಫೋಟೊ ಸ್ಟಾಪ್' ಎಂದು ಹೊಳೆಯ ದಂಡೆಯಲ್ಲಿ ಬಸ್ಸು ನಿಲ್ಲಿಸಿದರು. ಹಿಂದೆ ಗುಡ್ಡ, ಅದರ ಮೇಲೆ ಅರಮನೆ. ನಾನು ಅಭ್ಯಾಸದಂತೆ ಸೀರೆಯನ್ನು ನೆಲಕ್ಕೆ ಬಿಟ್ಟು ನಿಂತೆ. ನಿಮ್ಮಮ್ಮ ಕ್ಯಾಮೆರಾ ಕಣ್ಣಿಗಿಟ್ಟಳು, ಇಳಿಸಿದಳು.

"ಅವ್ವಾ, ಸೀರಿ ಸ್ವಲ್ಪ ಮ್ಯಾಲ ಎತ್ತು" ಎಂದು ರಸ್ತೆಯ ಮೇಲೆಯೇ ಕುಕ್ಕರುಗಾಲಲ್ಲಿ ಕೂತಳು. ಪ್ರಸಾದ್ "ಚಲೋ ಚಲೋ" ಎಂದು ಕೂಗುತ್ತಲೇ ಇದ್ದ. ಅವಳು ಏಳಲಿಲ್ಲ.

ಪುಟ್ಟಾ, ಆಲ್ಬಮ್ಮಿನ ಕೊನೆಯ ಹಾಳೆಯಲ್ಲಿ ಎರಡು ಕಾಲುಗಳಷ್ಟೇ ಇರುವ ಫೋಟೊ ಒಂದಿದೆ. ಅರಮನೆ ಕಾಣುವುದಿಲ್ಲ, ನನ್ನ ಮುಖವೂ ಕಾಣುವುದಿಲ್ಲ. ತಪ್ಪಾಗಿ ಒತ್ತಿದ್ದೆಂದು ಬಂದವರೆಲ್ಲ ಅದನ್ನು ಬೇಗ ತಿರುಗಿಸಿಬಿಡುತ್ತಾರೆ. ಅದರಲ್ಲಿ ನೀನಿಲ್ಲ, ನಿಜ. ಆದರೆ ನಮ್ಮ ಯೂರೋಪಿನ ಫೋಟೊಗಳಲ್ಲಿ ನಿಮ್ಮ ಅಜ್ಜ ಇರುವುದು ಅದೊಂದರಲ್ಲೇ.